ಸ್ಥಳೀಯ ಅಂತರತಾರಾ ಮಾಧ್ಯಮ

ಸೂರ್ಯನ ನೆರೆಯ ನಕ್ಷತ್ರಗಳ ನಡುವೆ ಹರಡಿರುವ ಅತಿ ವಿರಳವಾದ ಅನಿಲ ಹಾಗೂ ಪ್ಲಾಸ್ಮಾವನ್ನು ಸ್ಥಳೀಯ ಅಂತರತಾರಾ ಮಾಧ್ಯಮ ಎನ್ನುತ್ತಾರೆ. ಸೂರ್ಯನನ್ನು ಆವರಿಸಿರುವ ಭಾಗದಲ್ಲಿ ಹೈಡ್ರೋಜನ್ ಮತ್ತು ಹೀಲಿಯಂ ಪ್ರಧಾನವಾಗಿದ್ದು, ಉಷ್ಣತೆ ಸುಮಾರು 7,000 ಕೆಲ್ವಿನ್ ಇದೆ. ಆದರೆ ಕಣಗಳು ತೀರ ಕಡಿಮೆ ಇರುವುದರಿಂದ ಅಲ್ಲಿನ ವಸ್ತುಗಳು ಕಾಯುವುದಿಲ್ಲ.

ಸೌರಮಾರುತವು ಈ ಮಾಧ್ಯಮವನ್ನು ಒಂದು ಗಡಿಯವರೆಗೆ ಹೊರಕ್ಕೆ ತಳ್ಳಿರುತ್ತದೆ. 1977ರಲ್ಲಿ ಉಡಾಯಿಸಲಾದ ವಾಯೇಜರ್-1 ನೌಕೆಯು ಸೂರ್ಯನಿಂದ ಸುಮಾರು 1,800 ಕೋಟಿ ಕಿ.ಮೀ. ದೂರದಲ್ಲಿರುವ ಆ ಗಡಿಯನ್ನು 2012ರ ಆಗಸ್ಟ್ 25ರಂದು ದಾಟಿತು. ಸೌರಸ್ಫೋಟದ ಪರಿಣಾಮವಾಗಿ 2013ರಲ್ಲಿ ಅಲ್ಲಿ ಎದ್ದ ಪ್ಲಾಸ್ಮಾ ಕಂಪನಗಳ ಆವೃತ್ತಿಯಿಂದ ಸಾಂದ್ರತೆಯನ್ನು ಲೆಕ್ಕಹಾಕಲಾಯಿತು. ಅದು ಘನ ಸೆಂಟಿಮೀಟರಿಗೆ ಸುಮಾರು 0.08 ಎಲೆಕ್ಟ್ರಾನ್, ಗಡಿಯ ಒಳಗಿನ ಸಾಂದ್ರತೆಯ ಸುಮಾರು 40 ಪಟ್ಟು.

ನೌಕೆಯಲ್ಲಿರುವ ಸುವರ್ಣ ಧ್ವನಿಮುದ್ರಿಕೆಯ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು. ಆ ಕನ್ನಡದ ನುಡಿಯೂ ಈಗ ಈ ಮಾಧ್ಯಮದಲ್ಲಿ ಸಾಗುತ್ತಿದೆ.