ಊಟಿಗೆ ಹೊರಟಿದ್ದೀರಾ? ಕೆಂಡದ ಒಲೆ ಕೋಣೆಯೊಳಗೆ ಬೇಡ

ಮಕ್ಕಳ ಪರೀಕ್ಷೆ ಮುಗಿಯುತ್ತಲೇ ನಮ್ಮ ಮನೆಗಳಲ್ಲಿ ಊಟಿಯ ಮಾತು ಶುರುವಾಗುತ್ತದೆ. ಕರಾವಳಿಯ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕುಳಿತವರಿಗೆ ಸ್ವೆಟರ್ ಹಾಕುವ ಊರಿನ ಹೆಸರು ಕೇಳಿದರೇ ತಂಪು. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ. ಹೋಗಿ, ಖಂಡಿತ ಹೋಗಿ ಬನ್ನಿ. ಆದರೆ ಬ್ಯಾಗ್ ತುಂಬುವ ಮುನ್ನ ಈ ಎರಡು ಪುಟ ಓದಿಬಿಡಿ.

ಊಟಿ ಊರಾಗಿ ಬೆಳೆದದ್ದೇ ಆರೋಗ್ಯದ ಹೆಸರಿನಲ್ಲಿ. ತೋಡರು, ಕೋತರು, ಕನ್ನಡಕ್ಕೆ ಹತ್ತಿರದ ಮಾತನಾಡುವ ಬಡಗರು ಆ ಬೆಟ್ಟಗಳಲ್ಲಿ ಮೊದಲೇ ಇದ್ದರು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿ, ಬಯಲಿನ ಜ್ವರದಿಂದ ಸೊರಗಿದ ಇಂಗ್ಲಿಷರಿಗೆ ಇದೇ ತಕ್ಕ ಜಾಗ ಎಂದು ನಿರ್ಧರಿಸಿದ. ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚ್‌ನ ಮರದ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಅರಮನೆಯಿಂದ ಹೋದವು. ಅದೇ ಚರ್ಚ್‌ನ ಅಂಗಳದಲ್ಲಿ ಸಲ್ಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿಯಿದೆ. ಇಬ್ಬರೂ ತೀರಿಕೊಂಡದ್ದು 1838ರಲ್ಲಿ, ಊಟಿಯಲ್ಲೇ. ಬೆಟ್ಟದ ಗಾಳಿ ಎಲ್ಲ ಕಾಯಿಲೆಗೂ ಮದ್ದು ಎಂದು ನಂಬಿದವನ ಮನೆಯ ಕಥೆ ಇದು.

ಈಗ ನಮ್ಮ ಮನೆಯ ಕಥೆ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ನಾವು ಎಂಟು ಮಂದಿ ಅಲ್ಲಿ ಒಂದು ಬಾಡಿಗೆ ಮನೆಯಲ್ಲಿ ಉಳಿದಿದ್ದೆವು. ಇಶಾ ಮುಗಿಯುವಷ್ಟರಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಮನೆ ನೋಡಿಕೊಳ್ಳುವವರು ಪಾಪ, ಪ್ರೀತಿಯಿಂದಲೇ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ತಂದಿಟ್ಟರು. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಚಳಿ ನುಗ್ಗದಿರಲೆಂದು ಬಾಗಿಲಿನ ಸಂದಿಗೆ ನಾನೇ ಟವೆಲ್ ತುರುಕಿದೆ. ಮಕ್ಕಳು ತಲೆನೋವು ಎಂದರು. ಘಾಟಿಯ ತಿರುವುಗಳ ಸುಸ್ತು ಇರಬೇಕೆಂದು ಬಾಮ್ ಹಚ್ಚಿ ಮಲಗಿಸಿದೆ.

ರಾತ್ರಿ ಮೂರು ಗಂಟೆಗೆ ತಹಜ್ಜುದ್‌ಗೆಂದು ಎದ್ದ ಉಮ್ಮ ಬಚ್ಚಲಿನ ಬಾಗಿಲಲ್ಲಿ ಕುಸಿದುಬಿದ್ದರು. ಆ ಸದ್ದಿಗೆ ಎಚ್ಚರವಾಯಿತು. ನನ್ನ ತಲೆ ಸಿಡಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಹೇಗೋ ಬಾಗಿಲು ತೆರೆದು ಎಲ್ಲರನ್ನೂ ಅಂಗಳಕ್ಕೆ ಎಳೆದು ತಂದೆವು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕೋಣೆಯಲ್ಲಿ ಕೆಂಡ ಇತ್ತಾ?" ಕೆಲವು ತಾಸು ಆಮ್ಲಜನಕ ಕೊಟ್ಟರು. ಅಲ್ಹಮ್ದುಲಿಲ್ಲಾಹ್, ಎಲ್ಲರೂ ಮನೆಗೆ ಮರಳಿದೆವು. ಉಮ್ಮ ಆ ಹೊತ್ತಿಗೆ ಏಳದಿದ್ದರೆ ಎಂಬ ಯೋಚನೆ ಈಗಲೂ ಕೆಲವು ರಾತ್ರಿ ನನ್ನ ನಿದ್ದೆ ಕೆಡಿಸುತ್ತದೆ.

ನಡೆದದ್ದು ಇಷ್ಟು. ಇದ್ದಿಲು ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಉಸಿರಾಡುತ್ತಿದ್ದರೂ ಮೆದುಳಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆಯ ಮಂಪರು, ಇವೇ ಲಕ್ಷಣಗಳು. ಘಾಟಿಯ ಪ್ರಯಾಣದ ಸುಸ್ತೂ ಹೀಗೆಯೇ ಇರುವುದರಿಂದ ಮೋಸಹೋಗುವುದು ಸುಲಭ. ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೇ ತಲೆ ನೋಯುತ್ತಿದೆ, ಹೊರಗೆ ಬಂದರೆ ಹಗುರವಾಗುತ್ತದೆ ಎಂದಾದರೆ ಅದನ್ನೇ ಶಂಕಿಸಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ಸಮಾಧಾನಪಡಬೇಡಿ. ಈ ಅನಿಲ ಸೇರಿದ ರಕ್ತವನ್ನೂ ಅದು ಸರಿಯಾಗಿದೆ ಎಂದೇ ತೋರಿಸುತ್ತದೆ. ಕಿಟಕಿ ತೆರೆದು ಮತ್ತೆ ಮಲಗುವುದೂ ಸಾಲದು. ಎಲ್ಲರೂ ಹೊರಗೆ ಬಂದು ನೇರ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿದ್ದರೆ ಇನ್ನೂ ಅವಸರ ಮಾಡಿ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಹೆಚ್ಚು.

ಬಾರ್ಬೆಕ್ಯೂ ಒಲೆಯನ್ನು ಟೆಂಟ್ ಒಳಗೆ ಒಯ್ಯುವುದೂ ಇದೇ ಅಪಾಯ. ಇನ್ನೊಂದು, ಬಚ್ಚಲಿನೊಳಗಿನ ಗ್ಯಾಸ್ ಗೀಸರ್. ಬಿಸಿನೀರಿನ ಆಸೆಗೆ ಕಿಟಕಿ ಮುಚ್ಚಿ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುತ್ತಾ ಹೋದರೆ ಕೊನೆಯವರಿಗೆ ಕಷ್ಟ. ಕೋಣೆ ಗೊತ್ತು ಮಾಡುವಾಗಲೇ ವಿದ್ಯುತ್ ಗೀಸರ್ ಇದೆಯೇ, ಹೆಚ್ಚುವರಿ ಕಂಬಳಿ ಕೊಡುತ್ತಾರೆಯೇ ಎಂದು ಕೇಳಿ.

ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮುಕ್ಕಾಲು ಪಾಲು ಮಾತ್ರ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ಹೃದಯದ ತೊಂದರೆ, ಉಬ್ಬಸ ಇರುವ ಹಿರಿಯರು ಮಾತ್ರ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲಿ. ಮೊದಲ ದಿನವೇ ದೊಡ್ಡಬೆಟ್ಟದ ತುದಿಗೆ ನಡೆಸಬೇಡಿ. ಇನ್‌ಹೇಲರ್ ಕೈಚೀಲದಲ್ಲಿರಲಿ, ಡಿಕ್ಕಿಯಲ್ಲಿ ಅಲ್ಲ. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಗುವಿನ ಹಾಲಿಗೆ, ಕುಡಿಯಲಿಕ್ಕೆ ಕಾಯಿಸುವ ನೀರು ಕುದಿ ಬಂದ ಮೇಲೆ ಮೂರು ನಿಮಿಷ ಕುದಿಯಲಿ.

ಮಸಿನಗುಡಿ ಕಡೆಯಿಂದ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊಟ್ಟೆ ತುಂಬ ಬಿರಿಯಾನಿ ತಿಂದು ಹತ್ತುವ ರಸ್ತೆ ಅದಲ್ಲ. ವಾಂತಿ ಬರುವ ಮಕ್ಕಳ ಕೈಯಿಂದ ಮೊಬೈಲ್ ತೆಗೆದಿಟ್ಟು ದೂರದ ಬೆಟ್ಟ ನೋಡಲು ಹೇಳಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ವುಝೂ ಮಾಡುವಾಗ ತಣ್ಣೀರು ಕಾಲಿಗೆ ಚುಚ್ಚುತ್ತದೆ. ಒರೆಸದೆ ಹಾಗೆಯೇ ಉಣ್ಣೆಯ ಕಾಲುಚೀಲ ಏರಿಸಿದರೆ ಬೆರಳಸಂದಿಯಲ್ಲಿ ಫಂಗಸ್ ಹುಣ್ಣು ಗ್ಯಾರಂಟಿ, ಸಕ್ಕರೆ ಕಾಯಿಲೆಯವರಿಗೆ ಅದು ಸಣ್ಣ ವಿಷಯವಲ್ಲ. ಪ್ರತಿಯೊಬ್ಬರಿಗೂ ಬೇರೆ ಟವೆಲ್ ಇರಲಿ. ವುಝೂ ಇದ್ದಾಗ ಧರಿಸಿದ ಚರ್ಮದ ಕಾಲುಚೀಲದ ಮೇಲೆ ಮಸಹ್ ಮಾಡಲು ಪ್ರಯಾಣಿಕರಿಗೆ ಮೂರು ಹಗಲು, ಮೂರು ರಾತ್ರಿಯ ಅನುಮತಿ ಇದೆ ಎಂಬುದನ್ನು ಮನೆಯ ಹಿರಿಯರಿಗೆ ನೆನಪಿಸಿ.

ಊಟಿಯಿಂದ ಬರುವವರೆಲ್ಲ ತರುವುದು ನೀಲಗಿರಿ ಎಣ್ಣೆ. ತಮಾಷೆಯೆಂದರೆ ಆ ಮರ ನೀಲಗಿರಿಯದ್ದೇ ಅಲ್ಲ, ಆಸ್ಟ್ರೇಲಿಯಾದ ಯೂಕಲಿಪ್ಟಸ್. ಇಂಗ್ಲಿಷರು ತಂದು ನೆಟ್ಟದ್ದು. ಬೆಟ್ಟದ ಹೆಸರೇ ಕನ್ನಡದಲ್ಲಿ ಮರದ ಹೆಸರಾಯಿತು. ಬಿಸಿನೀರಿಗೆ ಹಾಕಿ ದೊಡ್ಡವರು ಆವಿ ತೆಗೆದುಕೊಳ್ಳಲಿ. ಎಳೆ ಮಕ್ಕಳ ಮೂಗಿಗೆ, ಮುಖಕ್ಕೆ ಹಚ್ಚಬೇಡಿ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಬಾಟಲಿ ಎತ್ತರದ ಕಪಾಟಿನಲ್ಲಿರಲಿ.

ಕೂನೂರಿನ ಕೋತಿಗಳಿಗೆ ಬಾಳೆಹಣ್ಣು ಕೊಟ್ಟು ಫೋಟೋ ತೆಗೆಯುವುದೂ ಬೇಡ. ಹುಚ್ಚುನಾಯಿ ರೋಗ ಕೋತಿಯ ಕಡಿತದಿಂದಲೂ ಬರಬಹುದು. ಆ ರೋಗಕ್ಕೆ ಚಿಕಿತ್ಸೆಗೆಂದೇ 1907ರಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ತೆರೆದದ್ದು ಅದೇ ಕೂನೂರಿನಲ್ಲಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿ. ಊರಿಗೆ ಹೋಗಿ ನೋಡೋಣ ಎಂದು ಕಾಯಬೇಡಿ.

2024ರ ಮೇಯಿಂದ ವಾಹನಗಳಿಗೆ ಇ-ಪಾಸ್ ಬೇಕಾಗಿದೆ. ಹೊರಡುವ ಮುನ್ನ ಆಗಿನ ನಿಯಮ ವಿಚಾರಿಸಿಕೊಳ್ಳಿ. ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ಸ್ಟೀಲ್ ಬಾಟಲಿ ಒಯ್ದು ದಾರಿಬದಿಯ ನೀರಿನ ಘಟಕಗಳಲ್ಲಿ ತುಂಬಿಸಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಮರಳುವ ದಿನ ಚಾಕೊಲೇಟ್ ಅಂಗಡಿಯಲ್ಲಿ ತಡಮಾಡದೆ ಅಸರ್‌ಗೆ ಮೊದಲೇ ಹೊರಟುಬಿಡಿ.