ಹದಿನೇಳು ಶಿಲಿಂಗ್, ಐದು ಪೆನ್ಸ್

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್‌ನ ಆತ್ಮಕಥೆಯ ಕೊನೆಗೆ ಒಂದು ಪಟ್ಟಿ ಇದೆ. ಪುಸ್ತಕದ ಹೆಸರು, ಪ್ರಕಟವಾದ ವರ್ಷ, ಬಂದ ಹಣ ಎಂದು ಮೂರೇ ಅಂಕಣ. ಅಡಿಯಲ್ಲಿ ಒಟ್ಟು ಮೊತ್ತ: 68,939 ಪೌಂಡ್, 17 ಶಿಲಿಂಗ್, 5 ಪೆನ್ಸ್. ಆತ ತೀರಿಕೊಂಡ ಮರುವರ್ಷ, 1883ರಲ್ಲಿ, ಪುಸ್ತಕ ಹೊರಬಂತು. ಸಾಹಿತಿಯಾದವನು ಹೀಗೆ ಪೈಸೆಪೈಸೆ ಎಣಿಸಿ ಬರೆದಿಡುವುದು ಹಲವರಿಗೆ ರುಚಿಸಲಿಲ್ಲ. ನನಗೋ, ಅವನ ಒಳ್ಳೆಯ ಅಧ್ಯಾಯಗಳಷ್ಟೇ ಆ ಪಟ್ಟಿಯೂ ಇಷ್ಟ.

ಟ್ರಾಲಪ್‌ನದು ಅಂಚೆ ಇಲಾಖೆಯ ನೌಕರಿ. 1834ರಲ್ಲಿ ವರ್ಷಕ್ಕೆ 90 ಪೌಂಡ್ ಸಂಬಳದ ಗುಮಾಸ್ತನಾಗಿ ಸೇರಿದ. 1841ರಲ್ಲಿ ಐರ್ಲೆಂಡಿಗೆ ವರ್ಗವಾದ ಮೇಲೆ ಬರೆಯಲು ಕೂತ. ಅದು ಕುರ್ಚಿಗೆ ಅಂಟಿಕೊಂಡಿರುವ ಕೆಲಸವೂ ಅಲ್ಲ. 1858ರಲ್ಲಿ ಇಲಾಖೆ ಅವನನ್ನು ಈಜಿಪ್ಟಿಗೆ ಕಳಿಸಿತು. ಆ ದೇಶದ ಮೂಲಕ ಹಾದುಹೋಗುವ ಟಪಾಲನ್ನು ರೈಲಿನಲ್ಲಿ ಸಾಗಿಸಲು ಒಪ್ಪಂದ ಮಾಡಿಕೊಂಡು ಬರಬೇಕಿತ್ತು. ನಮ್ಮ ಕಡೆಗೆ ಬರುತ್ತಿದ್ದ ಕಾಗದಗಳೂ ಆ ಟಪಾಲಿನಲ್ಲೇ ಇದ್ದವು. ಆ ಗಡಿಬಿಡಿಯ ನಡುವೆ ಅವನು ‘ಡಾಕ್ಟರ್ ಥಾರ್ನ್’ ಕಾದಂಬರಿ ಮುಗಿಸಿ, ಮರುದಿನವೇ ಇನ್ನೊಂದನ್ನು ಶುರುಮಾಡಿದ.

ಇದು ಸಾಧ್ಯವಾದದ್ದು ಎರಡು ಲೆಕ್ಕಗಳಿಂದ. ಹಣದ್ದು ಎರಡನೆಯದು, ಮೊದಲನೆಯದು ಪದಗಳದ್ದು. ಹೊಸ ಪುಸ್ತಕ ಹಿಡಿಯುವ ಮುನ್ನ ಟ್ರಾಲಪ್ ವಾರಗಳಾಗಿ ವಿಂಗಡಿಸಿದ ಒಂದು ದಿನಚರಿ ಸಿದ್ಧ ಮಾಡಿಕೊಳ್ಳುತ್ತಿದ್ದ. ದಿನಕ್ಕೆ ಎಷ್ಟು ಪುಟ ಆಯಿತೆಂದು ಅದರಲ್ಲಿ ನಮೂದು. ಪುಟ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆಯಾಗುತ್ತದಲ್ಲ, ಅದಕ್ಕೇ ಪುಟಕ್ಕೆ 250 ಪದ ಎಂದು ಗೊತ್ತುಮಾಡಿಕೊಂಡ. ವಾರಕ್ಕೆ ಸರಾಸರಿ 40 ಪುಟ. ಕೆಲವು ವಾರ 20ಕ್ಕೆ ಇಳಿದದ್ದುಂಟು, ಒಮ್ಮೆ 112ಕ್ಕೆ ಏರಿದ್ದೂ ಉಂಟು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಮೊದಲ ಅರ್ಧ ತಾಸು ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಬರೆಯದೆ ಕಳೆದ ದಿನದ ಜಾಗ ಖಾಲಿ ಉಳಿದು ಅವನನ್ನೇ ದಿಟ್ಟಿಸುತ್ತಿತ್ತು. ಬೈಯುವ ಮೇಲಧಿಕಾರಿ ಇಲ್ಲದ ಕಸುಬಿಗೆ ಅಷ್ಟು ಬೇಕೇ ಬೇಕು.

ಈಗ ಹಣದ ಪಟ್ಟಿಗೆ ಬರೋಣ. ಹನ್ನೆರಡು ಪೆನ್ಸ್‌ಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗ್‌ಗೆ ಒಂದು ಪೌಂಡ್. ರೂಪಾಯಿ, ಆಣೆ, ಪೈ ಬರೆದು ಪಳಗಿದ ನಮ್ಮ ಅಜ್ಜಂದಿರಿಗೆ ಇದು ತೊಡಕೇ ಅಲ್ಲ. ಮೊದಲ ಕಾದಂಬರಿ: 48 ಪೌಂಡ್ 6 ಶಿಲಿಂಗ್ 9 ಪೆನ್ಸ್. ಎರಡನೆಯದು: 123 ಪೌಂಡ್ 19 ಶಿಲಿಂಗ್ 5 ಪೆನ್ಸ್. ಮೂರನೆಯದು: ಬರೀ 20 ಪೌಂಡ್. ಆಮೇಲೆ ‘ದಿ ವಾರ್ಡನ್’ ಮತ್ತು ‘ಬಾರ್ಚೆಸ್ಟರ್ ಟವರ್ಸ್’ ಸೇರಿ 727 ಪೌಂಡ್ 11 ಶಿಲಿಂಗ್ 3 ಪೆನ್ಸ್. ಈ ನಾಲ್ಕು ಸಾಲುಗಳ ಚಿಲ್ಲರೆಯನ್ನಷ್ಟೇ ಕೂಡಿ ನೋಡಿ: ಒಂದು ಪೌಂಡ್, 17 ಶಿಲಿಂಗ್, 5 ಪೆನ್ಸ್. ಅಂದರೆ ಇಡೀ ಬದುಕಿನ ಮೊತ್ತದ ಬಾಲಕ್ಕೆ ಅಂಟಿಕೊಂಡಿರುವ ಚಿಲ್ಲರೆ ಪೂರ್ತಿ ಬಂದದ್ದು ಶುರುವಿನ ಪುಸ್ತಕಗಳಿಂದ! ಮುಂದಿನವೆಲ್ಲ ಪೂರ್ಣಾಂಕಗಳು: 250, 400, 600, 1,000, 3,135.

ಕಾರಣ ಕರಾರಿನಲ್ಲಿದೆ. ಶುರುವಿನ ದಿನಗಳ ಒಪ್ಪಂದ ಅರ್ಧ ಲಾಭದ್ದು. ಪ್ರಕಾಶಕ ಖರ್ಚು ಹಾಕಿ, ಅದು ಹುಟ್ಟಿದ ಮೇಲೆ ಮಿಕ್ಕಿದ್ದರಲ್ಲಿ ಅರ್ಧ ಲೇಖಕನಿಗೆ. ಲೆಕ್ಕ ಪ್ರಕಾಶಕನ ಕೈಯಲ್ಲಿ, ಕಾಯುವ ಕೆಲಸ ಲೇಖಕನದು. ‘ದಿ ವಾರ್ಡನ್’ಗೆ 1855ರ ಕೊನೆಯಲ್ಲಿ ಬಂದದ್ದು 9 ಪೌಂಡ್ 8 ಶಿಲಿಂಗ್ 8 ಪೆನ್ಸ್, ಮರುವರ್ಷ ಮತ್ತೆ ಹತ್ತು ಪೌಂಡ್ ಚಿಲ್ಲರೆ. ಇದನ್ನು ಬರೆದಿಟ್ಟುಕೊಂಡವನಿಗೆ ತನ್ನ ದುಡಿಮೆಗೆ ಎಷ್ಟು ಸಿಗುತ್ತಿದೆ ಎಂಬುದು ಮುಚ್ಚುಮರೆಯಿಲ್ಲದೆ ಕಂಡಿತು. ‘ದಿ ತ್ರೀ ಕ್ಲರ್ಕ್ಸ್’ ಮುಗಿಸಿದಾಗ ಅರ್ಧ ಲಾಭದ ಸಹವಾಸ ಬಿಟ್ಟು, ಒಂದೇ ಗಂಟಿಗೆ 250 ಪೌಂಡಿಗೆ ಹಸ್ತಪ್ರತಿ ಮಾರಿದ. ಪಟ್ಟಿಯಲ್ಲಿ ಶಿಲಿಂಗ್ ಅಂಕಣ ಸೊನ್ನೆಯಾಗುವುದು ಅಲ್ಲಿಂದ. ಗಂಟಿಗೆ ಮಾರಿದರೆ ಮುಂದೆ ಪುಸ್ತಕ ಚೆನ್ನಾಗಿ ಓಡಿದರೂ ಆ ಲಾಭ ಲೇಖಕನಿಗಿಲ್ಲ, ನಿಜ. ಆ ಆಯ್ಕೆ ಎಲ್ಲರಿಗೂ ಸರಿಯೆಂದು ನಾನು ಹೇಳಲಾರೆ. ಅವನು ಅದನ್ನು ಅಂಕಿ ನೋಡಿ ಮಾಡಿದ ಎಂಬುದೇ ನನಗೆ ಮುಖ್ಯ.

ನೌಕರಿ ಬಿಟ್ಟದ್ದೂ ಹಾಗೆಯೇ. ಅರವತ್ತರವರೆಗೆ ದುಡಿದರೆ ಪಿಂಚಣಿ ಸಿಗುತ್ತಿತ್ತು. ಆ ಪಿಂಚಣಿಗೆ ಸಮನಾದ ವರಮಾನ ಬರುವಷ್ಟು ಉಳಿತಾಯವಾದ ದಿನ ರಾಜೀನಾಮೆ ಎಂದು ಹೆಂಡತಿಯೊಡನೆ ಕೂತು ಮೊದಲೇ ತೀರ್ಮಾನಿಸಿಕೊಂಡಿದ್ದ. ಉಳಿತಾಯ ಆ ಗೆರೆ ಮುಟ್ಟಿತು. 1867ರಲ್ಲಿ, 52ರ ವಯಸ್ಸಿನಲ್ಲಿ, ಅಂಚೆ ಇಲಾಖೆಯಿಂದ ಹೊರಬಂದ. ಕೆಲಸ ಬಿಟ್ಟು ಪೂರ್ತಿ ಬರೆಯಲೇ ಎಂದು ಒದ್ದಾಡುವ ಗೆಳೆಯರಿಗೆ ನಾನು ಈ ಕಥೆಯನ್ನೇ ಹೇಳುವುದು.

ಪಟ್ಟಿಯಲ್ಲಿ ಕೊರತೆಯಿಲ್ಲದೆ ಇಲ್ಲ. ಖರ್ಚಿನ ಅಂಕಣವೇ ಇಲ್ಲ. ಬೆಳಗಿನ ಜಾವ ಎಬ್ಬಿಸಿ ಕಾಫಿ ಕೊಡಲು ಕುದುರೆಯಾಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದುದು ಅದರಲ್ಲಿ ಸೇರಿಲ್ಲ. ರೈಲಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ಮನೆಯಲ್ಲಿ ಶುದ್ಧಪ್ರತಿ ಮಾಡಿದವಳು ಹೆಂಡತಿ ರೋಸ್. ಅವಳ ಹೆಸರಿಗೂ ಒಂದು ಸಾಲಿಲ್ಲ.

ಇಂದು ಕನ್ನಡದಲ್ಲಿ ಅನುವಾದವನ್ನೋ ಅಂಕಣವನ್ನೋ ಬಿಡುವಿನಲ್ಲಿ ಬರೆಯುವವರು ಇನ್ನೆರಡು ಅಂಕಣ ಎಳೆದುಕೊಳ್ಳಬೇಕಾಗುತ್ತದೆ. ಒಂದು ಬಾಕಿಯದು: ಬರಹ ಕೊಟ್ಟ ದಿನ, ಒಪ್ಪಿದ ಸಂಭಾವನೆ, ಅದು ಕೈಗೆ ಬಂದ ದಿನ. ಇನ್ನೊಂದು ಟಿಡಿಎಸ್‌ನದು. ಹತ್ತು ಸಾವಿರದ ಬಿಲ್ಲಿಗೆ ಶೇ 10ರಷ್ಟು ತೆರಿಗೆ ಮುರಿದುಕೊಂಡು ಒಂಬತ್ತು ಸಾವಿರ ಬ್ಯಾಂಕಿಗೆ ಬಂದರೆ, ಆದಾಯವೆಂದು ಬರೆಯಬೇಕಾದದ್ದು ಹತ್ತು ಸಾವಿರವನ್ನೇ. ಮುರಿದ ಸಾವಿರ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಜಮೆಯಾಗಿರದಿದ್ದರೆ ರಿಟರ್ನ್ ಸಲ್ಲಿಸುವ ಮೊದಲೇ ಸಂಭಾವನೆ ಕೊಟ್ಟವರ ಲೆಕ್ಕಪತ್ರ ವಿಭಾಗಕ್ಕೆ ಒಂದು ಕಾಗದ ಹಾಕಿ.