ಸಂಕಮ್ಮನ ಬಲಗೈ: ಕತೆ ಕಟ್ಟುವ ಬಗೆ

ಕಥಾಸಂವಿಧಾನ, ಪಾತ್ರ, ಸಂಘರ್ಷ, ಉಪಮೆ, ರೂಪಕ ಎಂಬ ಪಟ್ಟಿಯನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಇವು ಏನು ಕೆಲಸ ಮಾಡುತ್ತವೆ ಎಂದು ತಿಳಿಯಬೇಕಾದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಇಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಲೆ ಮಾದೇಶ್ವರನ ಕಾವ್ಯವನ್ನು ಹಾಡುತ್ತಾರೆ; ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಾವ್ಯವನ್ನು ಹಾಡುತ್ತಾರೆ. ರಾತ್ರಿಯಿಡೀ ನಡೆಯುವ ಹಾಡಿಕೆಯಲ್ಲಿ ಕೂತವರು ಎದ್ದು ಹೋಗಬಾರದು. ಅದಕ್ಕೆ ಬೇಕಾದ ಉಪಾಯಗಳೇ ನಮ್ಮ ಪಾಠದ ಪಟ್ಟಿಯಲ್ಲಿರುವುದು.

ಈ ಕಾವ್ಯಗಳ ಒಂದೊಂದು ಭಾಗಕ್ಕೂ ‘ಸಾಲು’ ಎನ್ನುತ್ತಾರೆ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನೇ ನೋಡೋಣ. ಸಂಕಮ್ಮನ ಗಂಡ ನೀಲೇಗೌಡ ಬೇಟೆಗೆ ಹೊರಟಿದ್ದಾನೆ. ತಾನಿಲ್ಲದಾಗ ತಪ್ಪು ನಡೆಯುವುದಿಲ್ಲ ಎಂದು ಹೆಂಡತಿ ಬಲಗೈ ಚಾಚಿ ಭಾಷೆ, ಅಂದರೆ ಮಾತು, ಕೊಡಬೇಕೆನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಬಂಧಿಸಿ ಹೋಗುತ್ತಾನೆ. ಮಕ್ಕಳಿಲ್ಲದ ಆಕೆಗೆ ಮಾದಪ್ಪನ, ಅಂದರೆ ಮಾದೇಶ್ವರನ, ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಗಾಯಕರಿಂದ ಗಾಯಕರಿಗೆ ವಿವರಗಳು ಬದಲಾಗುತ್ತವೆ, ಈ ಎಲುಬುಗೂಡು ಉಳಿಯುತ್ತದೆ.

ಗಂಡ ಬೇಟೆಗೆ ಹೋದ, ಹೆಂಡತಿಗೆ ಮಕ್ಕಳಾದವು ಎಂದರೆ ಅದು ಬರೀ ಘಟನೆಗಳ ಪಟ್ಟಿ. ಸಂಶಯ ಬಂದದ್ದರಿಂದ ಭಾಷೆ ಕೇಳಿದ, ಕೊಡದಿದ್ದರಿಂದ ಕಟ್ಟಿಹಾಕಿದ, ಕಟ್ಟಿಹಾಕಿದ್ದರಿಂದ ಆಕೆ ಮಾದಪ್ಪನನ್ನು ಕರೆದಳು ಎಂದಾಗ ಕಥಾಸಂವಿಧಾನ ಹುಟ್ಟಿತು. ಒಂದು ಇನ್ನೊಂದಕ್ಕೆ ಕಾರಣವಾಗಬೇಕು.

ಸಂಘರ್ಷ ಎಂದರೆ ಹೊಡೆದಾಟ ಎಂದುಕೊಳ್ಳುವವರು ಬಹಳ. ಇಲ್ಲಿ ಸಂಘರ್ಷ ಇರುವುದು ಚಾಚದ ಒಂದು ಕೈಯಲ್ಲಿ. ಸಂಕಮ್ಮನ ಬಾಳಿನಲ್ಲಿ ಕಳಂಕವಿಲ್ಲ. ಭಾಷೆ ಕೊಟ್ಟುಬಿಟ್ಟರೆ ಕಷ್ಟ ತಪ್ಪುತ್ತಿತ್ತು. ಆದರೆ ಕೊಟ್ಟರೆ ಸಂಶಯಪಡುವ ಹಕ್ಕು ಗಂಡನಿಗಿದೆ ಎಂದು ಒಪ್ಪಿದಂತಾಗುತ್ತದೆ. ನಾನು ಆಕೆಯ ನಿರಾಕರಣೆಯನ್ನು ಹೀಗೆ ಓದುತ್ತೇನೆ. ಕನ್ನಡದ ಕತೆಗಳಲ್ಲಿ ಇಷ್ಟು ಗಟ್ಟಿಯಾದ ಹೆಣ್ಣುಪಾತ್ರಗಳು ಕಡಿಮೆ. ಪಾತ್ರ ಎನ್ನುವುದು ಗುಣಗಳ ವರ್ಣನೆಯಲ್ಲಿ ಹುಟ್ಟುವುದಿಲ್ಲ, ಇಕ್ಕಟ್ಟಿನಲ್ಲಿ ಮಾಡುವ ಆಯ್ಕೆಯಲ್ಲಿ ಹುಟ್ಟುತ್ತದೆ. ಆ ಬಲಗೈ ಇಡೀ ದಾಂಪತ್ಯದ ನಂಬಿಕೆಯನ್ನು ಹೊತ್ತಿದೆ, ಹಾಗಾಗಿ ಅದು ಸಂಕೇತ.

ಜಾನಪದ ವಿದ್ವಾಂಸ ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಪುಸ್ತಕವಾಗಿ ತಂದರು. ಇಂಥ ಕಾವ್ಯವನ್ನು ಅಚ್ಚಿನಲ್ಲಿ ಓದುವಾಗ ಬಂದ ಮಾತೇ ಮತ್ತೆ ಬರುವುದು ಬೇಸರ ತರಬಹುದು. ಹಾಡಿಕೆಯಲ್ಲಿ ಅದೇ ಜೀವಾಳ. ಗಾಯಕನಿಗೆ ಮುಂದಿನ ನುಡಿ ನೆನೆಯಲು ಬಿಡುವು ಸಿಗುತ್ತದೆ. ಭಾಷೆ ಕೊಡು ಎಂಬ ಬೇಡಿಕೆ ಮರಳಿ ಬಂದಾಗಲೆಲ್ಲ ಕೇಳುಗರ ಎದೆಬಡಿತ ಏರುತ್ತದೆ.

ಉಪಮೆ, ರೂಪಕಗಳ ವ್ಯತ್ಯಾಸ ಸರಳ. ನೀಲೇಗೌಡನ ಸಂಶಯ ಕಾಡಿನಂತೆ ದಟ್ಟವಾಗಿತ್ತು ಎಂದರೆ ಉಪಮೆ. ಅವನು ತನ್ನ ಸಂಶಯದ ಕಾಡಿನಲ್ಲೇ ದಾರಿ ತಪ್ಪಿದ ಎಂದರೆ ರೂಪಕ.

ನಾಟಕೀಯ ವ್ಯಂಗ್ಯಕ್ಕೆ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗ ಕೇಳಬೇಕು. ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬರುತ್ತಾನೆ. ಬಂದವನು ಪರಂಜ್ಯೋತಿ ಎಂದು ಕೇಳುಗರಿಗೆ ಗೊತ್ತು, ತಡೆಯುವವರಿಗೆ ಗೊತ್ತಿಲ್ಲ. ಬೈಗುಳ ಹೆಚ್ಚಿದಷ್ಟೂ ನಾವು ಚಡಪಡಿಸುತ್ತೇವೆ. ಗುಟ್ಟನ್ನು ಕೊನೆಗೆ ಹೇಳಿದ್ದರೆ ಒಂದು ಕ್ಷಣದ ಬೆರಗು ಸಿಗುತ್ತಿತ್ತು, ಅಷ್ಟೇ.

ಯಾರ ಕಣ್ಣಿಂದ ನೋಡುತ್ತೇವೆ ಎಂಬುದೂ ಕತೆಯನ್ನು ತಿರುಗಿಸುತ್ತದೆ. ಯಳಂದೂರು ತಾಲ್ಲೂಕಿನ ಬೆಟ್ಟದ ದೇವರು ಬಿಳಿಗಿರಿರಂಗ ಅಲ್ಲಿನ ಕಾಡಿನ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಅದಕ್ಕೇ ಸೋಲಿಗರಿಗೆ ಅವನು ಭಾವ. ಹೆಣ್ಣು ಕೊಟ್ಟವರ ಕಡೆಯಿಂದ ನೋಡಿದರೆ ದೇವರು ಹತ್ತಿರದ ನೆಂಟ. ಅದೇ ಯಳಂದೂರಿನ ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ಕರ್ತವ್ಯ ಹೇಳುವ ಆ ಕೃತಿಯಲ್ಲೇ ಹೆಣ್ಣನ್ನು ಹಳಿಯುವವರನ್ನು ಹೆಣ್ಣಿನ ದನಿಯಲ್ಲಿ ಪ್ರಶ್ನಿಸುತ್ತಾಳೆ.

ಮಕ್ಕಳಿಗೆ ಕಲಿಸುವವರು ಒಂದು ಅಭ್ಯಾಸ ಮಾಡಿಸಬಹುದು. ಸಂಕಮ್ಮನ ಸಾಲನ್ನು ದೊಡ್ಡವನಾದ ಕಾರಯ್ಯನ ಬಾಯಲ್ಲಿ ಹೇಳಿಸಿ. ತಾಯಿ ಭಾಷೆ ಕೊಡದೆ ನಿಂತದ್ದನ್ನು ಅವನು ಕಂಡಿಲ್ಲ. ಯಾರು ಅವನಿಗೆ ಹೇಳಿದರು, ಅಪ್ಪನೋ ಅಮ್ಮನೋ, ಎಂದು ಬರೆಯುವವರು ಮೊದಲು ತೀರ್ಮಾನಿಸಬೇಕಾಗುತ್ತದೆ.